ಶಾಯೆಸ್ತೆಯ ಬಾಯಿಗೆ ಸವರಿದ ಬೆಲ್ಲ

ಒಣಮೊಸರಿನ ಉಂಡೆ ಮಾರುವವಳು ಪೊಟ್ಟಣ ಕಟ್ಟಿ ಇನ್ನೇನು ನನ್ನ ಕೈಗೆ ಕೊಡಬೇಕು, ಅಷ್ಟರಲ್ಲಿ ನಾನು ಬಾಯಿ ಬಿಟ್ಟೆ. "ಉಪ್ಪು ಜಾಸ್ತಿ ಇಲ್ಲ ತಾನೇ?" ಎಂದು ಕೇಳಿದೆ, ಅಷ್ಟೇ. ಅವಳು ಪೊಟ್ಟಣವನ್ನು ಹಿಂದಕ್ಕೆ ಎಳೆದುಕೊಂಡಳು.

"ನೀನು ಅವಳೇ ಅಲ್ವಾ? ಗೋಂಜಾಳ ಅತ್ತೆ?"

"ಅಲ್ಲಮ್ಮ."

"ಇನ್ನೊಂದ್ಸಲ ಅಲ್ಲ ಅನ್ನು, ಕೇಳೋಣ."

ನಾನು ತಲೆಯನ್ನಷ್ಟೇ ಅಲ್ಲಾಡಿಸಿದೆ. ಅವಳು ಪಕ್ಕದಲ್ಲಿ ಕ್ಯಾರೆಟ್ ಮಾರುವವಳನ್ನು ಕೂಗಿ ಕರೆದಳು. "ಬಾರೇ ಇಲ್ಲಿ, ಶಾಯೆಸ್ತೆ ಬಂದಿದ್ದಾಳೆ. ನಿನ್ನೆ ಆ ಹುಡುಗೀನ ಉಪವಾಸ ಮಲಗಿಸಿ, ಇವತ್ತು ಇಲ್ಲಿ ಬಂದು ಉಪ್ಪಿನ ವಿಚಾರ ಮಾಡ್ತಿದ್ದಾಳೆ."

ಬಿಷ್ಕೆಕ್‌ನ ಸಂತೆಯಲ್ಲಿ ಮಾನವಾಗಿ ಸಾಮಾನು ತರುವ ಯೋಗ ನನಗೆ ಆ ಧಾರಾವಾಹಿ ಶುರುವಾದ ದಿನವೇ ಹೋಯಿತು. 'ಕಡಲಂಚಿನ ಮನೆ' ತುರ್ಕಿಯವರದು. ದಿನಾ ಸಂಜೆ ಏಳಕ್ಕೆ, ಭಾನುವಾರವೂ ಬಿಡದೆ ಬರುತ್ತದೆ. ನಮ್ಮ ಚಾನೆಲ್ಲಿನವರು ಅದರಲ್ಲಿರುವ ಗಂಡಸರಿಗೆಲ್ಲ ಒಬ್ಬನ ದನಿ, ಹೆಂಗಸರಿಗೆಲ್ಲ ಒಬ್ಬಳ ದನಿ ಹಾಕಿಸುತ್ತಾರೆ. ಆ ಒಬ್ಬಳು ನಾನು, ಊಲ್ಕಾನ್. ಮೊದಲು ನಾಟಕದಲ್ಲಿದ್ದೆ, ಈಗ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಅತ್ತೆಯೂ ನಾನೇ, ಸೊಸೆಯೂ ನಾನೇ, ಅಡುಗೆಯವಳೂ ನಾನೇ, ತೊಟ್ಟಿಲಲ್ಲಿ ಅಳುವ ಕೂಸೂ ನಾನೇ. ಹಿಂದುಗಡೆ ತುರ್ಕಿ ಮಾತು ಸಣ್ಣಗೆ ಗುಂಯ್‌ಗುಡುತ್ತಿರುತ್ತದೆ, ಅದರ ಮೇಲೆ ನನ್ನ ಕಿರ್ಗಿಜ್ ಮಾತು ಸವಾರಿ ಮಾಡುತ್ತದೆ. ಸೊಸೆ ಗೋಂಜಾಳಿಗೆ ಗಂಟಲನ್ನು ಕಿರಿದು ಮಾಡಿ, ಮೂಗಿನ ಹತ್ತಿರ ತಂದು ಮಾತಾಡಬೇಕು. ಅತ್ತೆ ಶಾಯೆಸ್ತೆಗೆ ಏನೂ ಮಾಡಬೇಕಿಲ್ಲ, ನಾನು ಸುಮ್ಮನೆ ಬಾಯಿ ಬಿಟ್ಟರೆ ಸಾಕು. ಹಾಗಾಗಿ ಊರಲ್ಲಿ ಯಾರೂ ನನ್ನನ್ನು ಗೋಂಜಾ ಎಂದು ಗುರುತು ಹಿಡಿದು ಮುದ್ದು ಮಾಡುವುದಿಲ್ಲ. ಬಯ್ಗುಳ ಪೂರ್ತಿ ಶಾಯೆಸ್ತೆಯ ಪಾಲಿನದು.

ಇದನ್ನೆಲ್ಲ ನಗುತ್ತಾ ಹೊಟ್ಟೆಗೆ ಹಾಕಿಕೊಂಡಿದ್ದೆ. ನಗು ನಿಂತದ್ದು ಶಾರಿಪಾ ಎಜೆಯ ಫೋನು ಬಂದ ದಿನ. ಎಜೆ ಎಂದರೆ ನಮ್ಮಲ್ಲಿ ಅಕ್ಕ. ಅವಳು ನನ್ನ ಓರಗಿತ್ತಿ, ನನ್ನ ಗಂಡನ ಅಣ್ಣನ ಹೆಂಡತಿ. ನನ್ನ ಗಂಡ ತೀರಿಕೊಂಡ ಮೇಲೆ ಮನೆಯ ದೊಡ್ಡ ವಿಚಾರಗಳೆಲ್ಲ ಅವಳ ಸೆರಗಿನಲ್ಲಿವೆ. ಆಗ ಇದ್ದ ದೊಡ್ಡ ವಿಚಾರ ಒಂದೇ, ನನ್ನ ಮಗಳು ಪೆರಿಜಾತಳ ಮದುವೆ. ಹುಡುಗ ಎಲಾಮಾನ್, ಕೋಚ್ಕೋರ್ ಕಣಿವೆಯಲ್ಲಿ ದನದ ಡಾಕ್ಟರು. ಇಬ್ಬರೂ ತಾವೇ ಮೆಚ್ಚಿಕೊಂಡಿದ್ದರು. ಜೂನ್ ಕೊನೆಯ ಭಾನುವಾರ ಹುಡುಗನ ತಾಯಿ ಬಂದು, ತನ್ನ ಕೈಯಾರೆ ಪೆರಿಜಾತಳ ಕಿವಿಗೆ ಓಲೆ ಹಾಕುವುದು ಎಂದಾಗಿತ್ತು. ನಮ್ಮಲ್ಲಿ ಓಲೆ ಬಿತ್ತು ಎಂದರೆ ಮಾತು ಮುಗಿಯಿತು, ಹುಡುಗಿ ಆ ಮನೆಯವಳು.

"ನಾನು ಕೋಚ್ಕೋರ್‌ಗೆ ಹೋಗಿ ಬಂದೆ," ಎಂದಳು ಶಾರಿಪಾ. "ಮನೆ ಚೆನ್ನಾಗಿದೆ. ಹುಡುಗನ ತಾಯಿ ಸಾಲ್ಕಿನ್ ಅಂದ್ರೆ ಹಾಲಿನಂಥ ಹೆಂಗಸು, ಗಟ್ಟಿಯಾಗಿ ಮಾತೇ ಆಡಲ್ಲ. ಆದ್ರೆ ಊಲ್ಕಾನ್, ಏಳು ಗಂಟೆ ಆಯ್ತೋ ಇಲ್ಲವೋ ಟೀವಿ ಮುಂದೆ ಕೂತ್ಕೋತಾಳೆ. ನಿನ್ನ ದನಿ ಬಂದ್ರೆ ಸಾಕು, ಈ ಧ್ವನಿ ಕೇಳಿದ್ರೆ ನಂಗೆ ಮೈ ಉರಿಯುತ್ತೆ ಅಂತಾಳೆ. ಇಂಥ ಬಾಯಿರೋ ಹೆಂಗಸಿನ ಮಗಳನ್ನ ಯಾರು ತಂದ್ಕೋತಾರೋ ಅಂದ್ಲು. ನನ್ನ ಗಂಟಲಲ್ಲಿ ಚಹಾ ಸಿಕ್ಕೊಂಡ್ತು."

"ಅದು ನಾನೇ ಅಂತ ಗೊತ್ತಾ ಅವಳಿಗೆ?"

"ಎಲಾಮಾನ್ ಹೇಳಿಲ್ಲ. ಓಲೆ ಬೀಳೋವರೆಗೂ ಹೇಳಬೇಡಿ ಅಂದಿದ್ದಾನೆ. ಬೀಗಿತ್ತಿ ಟೀವಿಯೋರ ಹತ್ರ ಏನೋ ಕೆಲಸ ಮಾಡ್ತಾಳೆ ಅಂತ ಮಾತ್ರ ಗೊತ್ತು. ನೂರು ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ, ನಾವಿನ್ನೂ ಒಂದೂ ಹೇಳಿಲ್ಲ. ಅವತ್ತು ನೀನು ಬಾಯಿ ಬಿಡಬೇಡ. ಗಂಟಲು ಕಟ್ಟಿದೆ ಅಂತ ನಾನು ಹೇಳ್ತೀನಿ."

ನಾನು ಮೊದಲೇ ಒಂದು ಕಡೆ ಕೂರುವ ಜಾತಿಯವಳಲ್ಲ. ಆ ಫೋನಿನ ಮೇಲಂತೂ ಕಾಲಿಗೆ ಚಕ್ರ ಕಟ್ಟಿದಂತಾಯಿತು. ಅಡುಗೆಮನೆಗೆ ಹೋಗುತ್ತೇನೆ, ಯಾಕೆ ಬಂದೆ ಎಂದು ಮರೆತು ಕಿಟಕಿಗೆ ಬರುತ್ತೇನೆ. ಹೊರಗೆ ಪಾಪ್ಲರ್ ಮರಗಳಿಂದ ಉದುರಿದ ಹತ್ತಿಯಂಥ ಎಳೆ ಬೀದಿ ತುಂಬಾ ಹಾರಾಡುತ್ತಿತ್ತು. ಅದು ಮೂಗಿಗೆ ಹೋಗಿ ಸೀನು ಬಂದರೂ ಸಿಟ್ಟು, ಕಿಟಕಿ ಮುಚ್ಚಿದರೆ ಸೆಕೆಯೆಂದು ಇನ್ನೂ ಸಿಟ್ಟು. ಒಬ್ಬಳೇ ಮಗಳು. ನನ್ನ ಗಂಟಲಿನಿಂದ ಅವಳ ಸಂಬಂಧ ಮುರಿದರೆ ನಾನು ಆ ಗಂಟಲನ್ನು ಇಟ್ಟುಕೊಂಡು ಮಾಡುವುದೇನು?

ಸ್ಟುಡಿಯೋ ಎಂದರೆ ನೆಲಮಾಳಿಗೆಯ ಒಂದು ಕೋಣೆ. ಸದ್ದು ಹೊರಗೆ ಹೋಗದಿರಲೆಂದು ಗೋಡೆಗೆಲ್ಲ ಹಳೆಯ ಉಣ್ಣೆಗಂಬಳಿ ಬಡಿದಿದ್ದಾರೆ, ಕುರಿಯ ವಾಸನೆ ಇನ್ನೂ ಹೋಗಿಲ್ಲ. ಗಾಜಿನ ಆಚೆ ಟೋಕ್ಟೋಸುನ್ ಕೂರುತ್ತಾನೆ, ನಮ್ಮ ಧ್ವನಿಯ ಮೇಸ್ತ್ರಿ. ಬಕ್ಕತಲೆ, ಬಾಯಿ ತುಂಬ ಸೂರ್ಯಕಾಂತಿ ಬೀಜ. ಅವತ್ತಿನ ದೃಶ್ಯದಲ್ಲಿ ಗೋಂಜಾ ಪಿಯಾನೊ ನುಡಿಸುತ್ತಿರುತ್ತಾಳೆ. ತವರಿನಿಂದ ಅವಳು ತಂದದ್ದು ಅದೊಂದೇ. ಶಾಯೆಸ್ತೆ ಬಂದು ಪಿಯಾನೊದ ಮುಚ್ಚಳ ಹಾಕಿ, ಬೀಗ ಜಡಿದು, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾಳೆ. ಹಾಳೆಯಲ್ಲಿ ಇದ್ದ ಮಾತು: "ಈ ಮನೇಲಿ ಕೇಳಿಸೋದು ನನ್ನ ಸದ್ದು ಮಾತ್ರ."

ನಾನು ಬಾಯಿ ತೆರೆದೆ. ನಾನಿನ್ನೂ ನೋಡದ ಸಾಲ್ಕಿನ್ ಕೋಚ್ಕೋರಿನಲ್ಲಿ ಕೂತು ಮೈ ಉರಿಸಿಕೊಳ್ಳುವುದು ಕಣ್ಣಿಗೆ ಕಟ್ಟಿತು. ಬಂದ ಮಾತು ಬೇರೆ.

"ನಿನ್ನ ಬೆರಳು ನೋಯುತ್ತೆ ಮಗಳೇ. ಸ್ವಲ್ಪ ದಿನ ವಿಶ್ರಾಂತಿ ತಗೋ. ಕೀಲಿ ನನ್ನ ಹತ್ರ ಇರಲಿ, ಜೋಪಾನ ಮಾಡ್ತೀನಿ."

ಟೋಕ್ಟೋಸುನ್ ಬೀಜ ಅಗಿಯುವುದನ್ನು ನಿಲ್ಲಿಸಿದ. "ಎಜೆ, ಹಾಳೇಲಿ ಹಾಗಿದೆಯಾ?"

"ಉದ್ದ ಸರಿಹೋಯ್ತಲ್ಲ? ತುಟಿ ಮುಚ್ಚೋದರೊಳಗೆ ಮುಗೀತಲ್ಲ? ಮುಂದಕ್ಕೆ ಹೋಗು."

ಮೇಲಿನವರು ನೋಡುವುದು ಅಷ್ಟನ್ನೇ. ಮಾತು ಚಿತ್ರಕ್ಕಿಂತ ಉದ್ದವಾಗಬಾರದು, ಗಿಡ್ಡವೂ ಆಗಬಾರದು. ಒಳಗಡೆ ಏನಿದೆ ಎಂದು ಕೇಳುವವರಿಲ್ಲ. ಆದರೆ ಒಂದು ಸುಳ್ಳಿಗೆ ಜೊತೆ ಬೇಕಲ್ಲ. ಅತ್ತೆ ಹೀಗೆ ಸಿಹಿಯಾದ ಮೇಲೆ, ಗೋಂಜಾ ಕಣ್ಣೀರು ಸುರಿಸುತ್ತಾ "ನನ್ನನ್ನ ಯಾಕೆ ಹೀಗೆ ಹಿಂಸೆ ಮಾಡ್ತೀರಿ" ಎನ್ನುವ ಹಾಗಿಲ್ಲ. ಗಂಟಲು ಕಿರಿದು ಮಾಡಿ, "ನನ್ನನ್ನ ಯಾಕೆ ಇಷ್ಟು ಪ್ರೀತಿ ಮಾಡ್ತೀರಿ ಅತ್ತೆ, ನಾನು ಅದಕ್ಕೆ ಯೋಗ್ಯಳಾ" ಎಂದು ಬಿಕ್ಕಿದೆ. ಟೋಕ್ಟೋಸುನ್ ಗಾಜಿನ ಆಚೆ ಹೊಟ್ಟೆ ಹಿಡಿದುಕೊಂಡು ನಕ್ಕ.

ಅವತ್ತು ನಕ್ಕವನು ಬರಬರುತ್ತಾ ನಗುವುದನ್ನು ಬಿಟ್ಟ. ಕಥೆಯಲ್ಲಿ ಶಾಯೆಸ್ತೆ ಸೊಸೆಯ ಸೂಪಿಗೆ ಕಾಗದದ ಪೊಟ್ಟಣದಿಂದ ಏನೋ ಪುಡಿ ಕಲಸಲು ಶುರು ಮಾಡಿದಳು. ಅಡುಗೆಮನೆಯಲ್ಲಿ ಒಬ್ಬಳೇ ನಿಂತು, "ಬೇಸಿಗೆ ಮುಗಿಯೋದರೊಳಗೆ ಈ ಮನೇಲಿ ನಿನ್ನ ಗುರುತು ಉಳೀಬಾರದು" ಎಂದುಕೊಳ್ಳುತ್ತಾಳೆ. ನಾನು ಅದನ್ನು, "ಈ ಔಷಧಿಯಿಂದ ನನ್ನ ಮಗಳು ಬೇಗ ಎದ್ದು ಕೂರಲಪ್ಪಾ ದೇವರೇ" ಎಂದು ಮಾಡಿದೆ.

"ಎಜೆ, ಇದು ಸರಿಯಿಲ್ಲ," ಎಂದ ಟೋಕ್ಟೋಸುನ್. "ಬಯ್ಕೊಂಡು ಹಾಕಿದ್ರೆ ನೋಡೋರು ಹುಷಾರಾಗಿರ್ತಿದ್ರು. ಈಗ ಹರಸ್ಕೊಂಡು ಹಾಕ್ತಿದ್ದಾಳೆ. ನಂಗೆ ಈ ಹೆಂಗಸನ್ನ ಕಂಡ್ರೆ ಈಗ ಹೆದರಿಕೆ ಆಗುತ್ತೆ."

"ನಿಂಗೆ ಮಗಳಿಲ್ಲ, ಮಾತಾಡ್ಬೇಡ," ಎಂದೆ. ಅವನಿಗೆ ಇಬ್ಬರು ಹೆಣ್ಣುಮಕ್ಕಳು. ಅವನು ಗುಂಡಿ ಒತ್ತಿದ.

ಮನೆಯಲ್ಲಿ ಪೆರಿಜಾತ್ ಸುಮ್ಮನಿರಲಿಲ್ಲ. ಅವಳು ಮಕ್ಕಳ ಪತ್ರಿಕೆಗೆ ಚಿತ್ರಕಥೆ ಬರೆಯುತ್ತಾಳೆ. ಟೋರ್ಗೋಯ್ ಎಂಬ ಹುಡುಗಿ ಯಾಕ್ ಎತ್ತಿನ ಮೇಲೆ ಕೂತು ಕುರಿಗಳ್ಳರನ್ನು ಬೆನ್ನಟ್ಟುವ ಕಥೆ. ಅದು ಎಷ್ಟು ಓಡಿತೆಂದರೆ ಈಗ ಯಾರೋ ಅದನ್ನು ಫೋನಿನಲ್ಲಿ ಆಡುವ ಆಟ ಮಾಡುತ್ತಿದ್ದಾರೆ, ಟೋರ್ಗೋಯ್ ಹೇಗೆ ಜಿಗಿಯಬೇಕು, ಹೇಗೆ ಬೀಳಬೇಕು ಎಂದು ಪೆರಿಜಾತಳೇ ಬರೆದು ಕೊಡುತ್ತಾಳೆ. ಮದುವೆಯಾದ ಮೇಲೆ ಕೋಚ್ಕೋರಿನಿಂದಲೇ ಬರೆದು ಕಳಿಸುವುದೆಂದು ಎಲಾಮಾನ್‌ಗೂ ಅವಳಿಗೂ ಮಾತಾಗಿತ್ತು. ಅವಳ ಬೆರಳಲ್ಲಿ ಯಾವಾಗಲೂ ನೀಲಿ ಬಣ್ಣ ಅಂಟಿಕೊಂಡಿರುತ್ತದೆ, ಅದು ಹಿಟ್ಟಿಗೂ ಹತ್ತುತ್ತದೆ.

"ಅಮ್ಮಾ, ಶಾಯೆಸ್ತೆಗೆ ಏನು ಮಾಡಿಟ್ಟಿದ್ದೀಯ?" ಎಂದು ಒಂದು ಸಂಜೆ ಟೀವಿಯ ಮುಂದೆ ನಿಂತು ಕೇಳಿದಳು.

"ಏನು ಮಾಡಿದೆ? ಸ್ವಲ್ಪ ಮೆತ್ತಗೆ ಮಾಡಿದೆ."

"ಅವಳು ನಿನ್ನ ಸ್ವತ್ತಾ? ನನ್ನ ಟೋರ್ಗೋಯ್‌ನ ಯಾರಾದ್ರೂ ಕಳ್ಳರ ಜೊತೆ ಸೇರಿಸಿದ್ರೆ ನಾನು ಸುಮ್ಮನಿರ್ತೀನಾ? ಆ ಹೆಂಗಸು ಕೆಟ್ಟೋಳು. ಕೆಟ್ಟೋಳಾಗಿರೋದು ಅವಳ ಕೆಲಸ. ಗೋಂಜಾಗೆ ಉಳಿದಿದ್ದು ಅದೊಂದೇ, ಯಾರು ತನ್ನ ಶತ್ರು ಅಂತ ಗೊತ್ತಿರೋದು. ಅದನ್ನೂ ಕಿತ್ಕೊಂಡೆಯಲ್ಲ."

"ನಿನಗೋಸ್ಕರ ಮಾಡಿದ್ದು ಕಣೆ."

"ನಾನು ಕೇಳಿದ್ನಾ?"

ಕಂಡದ್ದನ್ನು ಕಂಡ ಹಾಗೆ ಹೇಳಿದರೆ ಕೆಂಡದಂಥ ಕೋಪ ಎನ್ನುವುದು ಸುಳ್ಳಲ್ಲ. ನನಗೆ ಸಿಟ್ಟು ಬಂತು. ಇವಳಿಗೇನು ಗೊತ್ತು, ನಾಳೆ ಬೆಳಗ್ಗೆ ಎಲ್ಲರಿಗಿಂತ ಮೊದಲು ಎದ್ದು ಚಹಾದ ಸಮೋವಾರ್ ಹೊತ್ತಿಸಿ, ಬಂದವರಿಗೆಲ್ಲ ಬಾಗಿ ನಮಸ್ಕರಿಸುವ ಸೊಸೆಯಾದಾಗ ಅತ್ತೆಯ ಮನಸ್ಸು ಮೆತ್ತಗಿರುವುದು ಎಷ್ಟು ಮುಖ್ಯ ಎಂದು? ಸಿಟ್ಟಿಗೇ ಇನ್ನೂ ನಾಲ್ಕು ಕಂತಿಗೆ ಬೆಲ್ಲ ಸವರಿದೆ.

ಆ ಭಾನುವಾರ ಬೆಳಗಿನಿಂದ ನಾನು ಕೂರಲಿಲ್ಲ. ಹಿಟ್ಟಿನ ತುಂಡುಗಳನ್ನು ಕರಿದು ರಾಶಿ ಹಾಕಿದೆ, ಕೆನೆ ತಂದಿಟ್ಟೆ, ಜ್ಯಾಮ್ ಬಟ್ಟಲುಗಳನ್ನು ಮೇಜಿನ ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ ಸರಿಸಿದೆ. ಶಾರಿಪಾ ಬಂದು ನನ್ನ ಕುತ್ತಿಗೆಗೆ ಉಣ್ಣೆಯ ಶಾಲು ಸುತ್ತಿದಳು. ಜೂನ್ ಸೆಕೆಯಲ್ಲಿ ಬೆವರು ಬೆನ್ನಿನಲ್ಲಿ ಇಳಿಯುತ್ತಿತ್ತು. "ಇನ್ನು ನೀನು ಮೂಗಿ," ಎಂದಳು. ಪೆರಿಜಾತ್ ನನ್ನನ್ನು ನೋಡಿ ಮುಖ ತಿರುಗಿಸಿದಳು.

ಸಾಲ್ಕಿನ್ ಮಧ್ಯಾಹ್ನ ಇಳಿಯುವ ಹೊತ್ತಿಗೆ ಬಂದಳು. ಸಣ್ಣ ಆಳು, ಬಿಳಿಯ ತಲೆವಸ್ತ್ರ, ಬೆಟ್ಟದ ಗಾಳಿ ಬಡಿದು ಕೆಂಪಾದ ಕೆನ್ನೆ. ಜೊತೆಗೆ ಬಂದ ಹೆಂಗಸರು ಕುರಿಮಾಂಸದ ಗಂಟು, ಮಿಠಾಯಿ ಇಳಿಸಿದರು. ಅವಳು ನನ್ನ ಎರಡೂ ಕೈ ಹಿಡಿದುಕೊಂಡಳು. "ಬೀಗಿತ್ತಿ, ಗಂಟಲು ನೋವಂತೆ. ಬೆಚ್ಚಗಿನ ಹಾಲಿಗೆ ಬೆಣ್ಣೆ ಹಾಕ್ಕೊಂಡು ಕುಡೀರಿ. ನೀವು ಮಾತಾಡ್ಬೇಡಿ, ನಾನೇ ನಿಮ್ಮ ಪಾಲಿಂದೂ ಮಾತಾಡ್ತೀನಿ." ನಿಜ ಹೇಳಬೇಕೆಂದರೆ ಅವಳನ್ನು ಕಂಡೊಡನೆ ನನಗೆ ಇಷ್ಟವಾಯಿತು. ಮಾತಾಡುತ್ತಲೇ ಅವಳ ಬೆರಳು ಮೇಜಿನ ಮೇಲಿನ ರೊಟ್ಟಿಯ ಪುಡಿಯನ್ನು ಒಂದೊಂದಾಗಿ ಕೂಡಿಸಿಕೊಳ್ಳುತ್ತಿತ್ತು. ಇಂಥವಳು ನನ್ನ ಮಗಳನ್ನು ಹೊಡೆಯುವುದಿಲ್ಲ, ಬಯ್ಯುವುದಿಲ್ಲ ಎಂದುಕೊಂಡೆ.

ಚಹಾ ಎರಡನೆಯ ಸುತ್ತಿಗೆ ಬಂದಾಗ ಮಾತು ಅಲ್ಲಿಗೇ ಬಂತು.

"ನೀವು 'ಕಡಲಂಚಿನ ಮನೆ' ನೋಡ್ತೀರಾ?" ಎಂದಳು ಸಾಲ್ಕಿನ್. ಶಾರಿಪಾಳ ಬಟ್ಟಲು ತಟ್ಟೆಗೆ ತಗುಲಿ ಟಣ್ ಎಂದಿತು. "ಆ ಶಾಯೆಸ್ತೆ ಎಷ್ಟು ಬದಲಾಗಿಬಿಟ್ಲು ನೋಡಿದ್ರಾ? ಮೊದಲು ನಾನು ಅವಳನ್ನ ಶಪಿಸದ ದಿನ ಇಲ್ಲ. ಈಗ ನಾಚಿಕೆ ಆಗುತ್ತೆ. ಸೊಸೆ ಕಾಯಿಲೆ ಬಿದ್ದಾಗಿಂದ ತಾನೇ ಸೂಪಿಗೆ ಔಷಧಿ ಕಲಸಿ ಕುಡಿಸ್ತಾಳೆ. ಪಿಯಾನೊ ಬಾರಿಸಿ ಬೆರಳು ನೋಯಿಸ್ಕೋಬಾರ್ದು ಅಂತ ಬೀಗ ಹಾಕಿಟ್ಲು. ನೋಡಮ್ಮ, ಮನುಷ್ಯರು ಒಳ್ಳೇರಾಗ್ತಾರೆ ಅಂತ ನಮ್ಮೆಜಮಾನ್ರಿಗೆ ಹೇಳ್ದೆ. ಆದ್ರೆ ಆ ಹುಡುಗಿ ಯಾಕೋ ದಿನದಿನಕ್ಕೆ ಬಡವಾಗ್ತಿದ್ದಾಳೆ, ಪಾಪ. ಏನು ತಿಂದ್ರೂ ಮೈಗೆ ಹತ್ತಲ್ಲ."

ಶಾರಿಪಾ ಮೇಜಿನ ಕೆಳಗೆ ನನ್ನ ತೊಡೆ ಚಿವುಟಿದಳು. ಗೆದ್ದೆವು ಎಂಬ ಚಿವುಟು ಅದು. ನನಗೂ ಹೆಮ್ಮೆಯಾಗಬೇಕಿತ್ತು, ಸ್ವಲ್ಪ ಆಯಿತು ಕೂಡ. ಆದರೆ ಆ ಹೆಮ್ಮೆ ನಿಲ್ಲಲಿಲ್ಲ. ಈ ಹೆಂಗಸು ಕಣ್ಣಾರೆ ಪುಡಿ ಕಲಸುವುದನ್ನು ನೋಡಿದ್ದಾಳೆ, ಬೀಗ ಜಡಿಯುವುದನ್ನು ನೋಡಿದ್ದಾಳೆ. ಕಣ್ಣನ್ನು ಬಿಟ್ಟು ಕಿವಿಯನ್ನು ನಂಬಿದ್ದಾಳೆ. ಆ ಕಿವಿಗೆ ಹೊಯ್ದವಳು ನಾನು.

ಓಲೆಯ ಹೊತ್ತು ಬಂತು. ಸಾಲ್ಕಿನ್ ಎದೆಯ ಹತ್ತಿರದಿಂದ ಕರವಸ್ತ್ರದ ಗಂಟು ತೆಗೆದು ಬಿಚ್ಚಿದಳು. ಬೆಳ್ಳಿಯ ಓಲೆ, ಕೆಂಪು ಹವಳ, ಅವಳ ಅತ್ತೆಯ ಕಾಲದ್ದು. ಪೆರಿಜಾತ್ ತಲೆ ಬಗ್ಗಿಸಿ ಅವಳ ಮುಂದೆ ಕೂತಳು. ನನ್ನ ಕಣ್ಣು ಮಂಜಾಯಿತು. ಬಲಗಿವಿಗೆ ಒಂದು ಓಲೆ ಬಿತ್ತು. ಎಡಗಿವಿಯ ಕೂದಲು ಸರಿಸಲು ಹೋದ ಪೆರಿಜಾತಳ ಕೈಯನ್ನು ಸಾಲ್ಕಿನ್ ಹಿಡಿದುಕೊಂಡಳು. ಬೆರಳಲ್ಲಿ ನೀಲಿ.

"ಇದೇನು ಮಗಳೇ?"

"ಬಣ್ಣ. ಚಿತ್ರ ಬರೀತೀನಲ್ಲ, ಅದು."

"ಅಯ್ಯೋ ಪಾಪ." ಸಾಲ್ಕಿನ್ ಆ ಬೆರಳನ್ನು ತನ್ನ ಅಂಗೈಯಲ್ಲಿ ಸವರಿದಳು. "ನಿನ್ನ ಬೆರಳು ನೋಯುತ್ತೆ ಮಗಳೇ. ನಮ್ಮನೆಗೆ ಬಂದು ಸ್ವಲ್ಪ ದಿನ ವಿಶ್ರಾಂತಿ ತಗೋ. ಬಣ್ಣದ ಪೆಟ್ಟಿಗೆ ನನ್ನ ಹತ್ರ ಇರಲಿ, ಜೋಪಾನ ಮಾಡ್ತೀನಿ."

ಅಕ್ಷರ ಅಕ್ಷರ ನನ್ನ ಮಾತು. ನಾನು ಆ ಕುರಿವಾಸನೆಯ ಕೋಣೆಯಲ್ಲಿ ಹೊಲಿದ ಮಾತು ಕೋಚ್ಕೋರಿನವರೆಗೆ ಹೋಗಿ, ಬಸ್ಸು ಹತ್ತಿ, ನನ್ನ ಮನೆಗೆ ಬಂದು ನನ್ನ ಮಗಳ ಕೈ ಹಿಡಿದಿತ್ತು. ಮಾಡಿದ್ದುಣ್ಣೋ ಮಹರಾಯ ಎಂದರೆ ಇದೇ. ಪೆರಿಜಾತ್ ತಲೆ ಎತ್ತಿ ನನ್ನನ್ನು ನೋಡಿದಳು. ಬಯ್ಯುವ ನೋಟವಲ್ಲ ಅದು. ಅವಳಿಗೆ ಹೆದರಿಕೆಯಾಗಿತ್ತು. ಸಾಲ್ಕಿನ್ ಎರಡನೆಯ ಓಲೆಯನ್ನು ಎತ್ತಿದಳು.

ನಾನು ಕುತ್ತಿಗೆಯ ಶಾಲು ಕಿತ್ತು ಬಿಸಾಕಿದೆ.

"ಈ ಮನೇಲಿ ಕೇಳಿಸೋದು ನನ್ನ ಸದ್ದು ಮಾತ್ರ."

ಎದೆಯಿಂದ ಬಂದ ದನಿ, ಪೂರ್ತಿ ಶಾಯೆಸ್ತೆ. ಬಂದ ಹೆಂಗಸರಲ್ಲಿ ಒಬ್ಬಳು ತಿನ್ನುತ್ತಿದ್ದ ತುಂಡನ್ನು ಕೈಬಿಟ್ಟಳು. ಸಾಲ್ಕಿನ್ ಟೀವಿಯ ಕಡೆ ತಿರುಗಿ ನೋಡಿದಳು, ಟೀವಿ ಹಚ್ಚಿರಲಿಲ್ಲ. ಆಮೇಲೆ ನನ್ನ ಕಡೆ ನೋಡಿದಳು.

"ಅದು ನೀವಾ?"

"ನಾನೇ ಬೀಗಿತ್ತಿ. ಪಿಯಾನೊಗೆ ಬೀಗ ಹಾಕ್ದಾಗ ಅವಳು ನಿಜವಾಗಿ ಅಂದದ್ದು ಇದು. ಬೆರಳು ನೋಯುತ್ತೆ ಅಂತ ಅವಳು ಅನ್ನಲೇ ಇಲ್ಲ. ಅದು ನಾನು ಸೇರಿಸಿದ್ದು. ನನ್ನ ದನಿ ಕೇಳಿದ್ರೆ ನಿಮಗೆ ಮೈ ಉರಿಯುತ್ತೆ ಅಂದ್ರು, ಎಲ್ಲಿ ಸಂಬಂಧ ತಪ್ಪಿಹೋಗುತ್ತೋ ಅಂತ ಹೆದರಿ ಬೆಲ್ಲ ಸವರಿದೆ. ಈಗ ನೀವು ಅದೇ ಬೆಲ್ಲ ಹಚ್ಚಿ ನನ್ನ ಮಗಳ ಬಣ್ಣದ ಪೆಟ್ಟಿಗೆ ಕೇಳ್ತಿದ್ದೀರಿ. ಹೇಗೆ ಹೇಳಿದ್ರೂ ಬೀಗ ಬೀಗವೇ."

ಶಾರಿಪಾ ನನ್ನ ಸೊಂಟಕ್ಕೆ ತಿವಿದಳು. "ಜ್ವರ ಇದೆ ಇವಳಿಗೆ," ಎಂದಳು ಎಲ್ಲರಿಗೂ.

"ಜ್ವರ ಇಲ್ಲ ಎಜೆ, ಸುಮ್ನಿರು," ಎಂದೆ. ಎದ್ದು ಹೋಗುತ್ತಾಳೆ, ಓಲೆ ಬಿಚ್ಚಿಕೊಂಡು ಹೋಗುತ್ತಾಳೆ, ಮಗಳು ಜೀವಮಾನವಿಡೀ ನನ್ನನ್ನು ಕ್ಷಮಿಸುವುದಿಲ್ಲ ಎಂದೇ ಅಂದುಕೊಂಡೆ.

ಸಾಲ್ಕಿನ್ ಏಳಲಿಲ್ಲ. ಕೈಯಲ್ಲಿದ್ದ ಓಲೆಯನ್ನು ಕರವಸ್ತ್ರದ ಮೇಲೆ ಇಟ್ಟಳು. ಆಮೇಲೆ ಮೆಲ್ಲಗೆ ಕೇಳಿದಳು, "ಹಾಗಾದ್ರೆ ಸೂಪಿಗೆ ಹಾಕೋ ಪುಡಿ? ಅದು ಔಷಧಿ ಅಲ್ವಾ?"

"ಅಲ್ಲ."

"ದಿನಾ ನೋಡಿದೀನಲ್ಲ ನಾನು," ಎಂದಳು. "ಚಿಟಿಕೆ ಚಿಟಿಕೆ ಹಾಕೋದನ್ನ. ನೋಡ್ತಾ ನೋಡ್ತಾ ದೇವರೇ ಬೇಗ ವಾಸಿ ಮಾಡಪ್ಪಾ ಅಂತ ನಾನೂ ಕೈಮುಗಿದೀನಿ." ಅವಳು ಗೋಡೆಯ ಗಡಿಯಾರ ನೋಡಿದಳು. ಏಳು ಆಗುತ್ತಿತ್ತು. "ಟೀವಿ ಹಾಕಿ. ಸದ್ದು ತೆಗೆದುಬಿಡಿ."

ಪೆರಿಜಾತ್ ಒಂದೇ ಕಿವಿಗೆ ಓಲೆ ಇಟ್ಟುಕೊಂಡು ಎದ್ದು ಟೀವಿ ಹಚ್ಚಿದಳು. ಅವತ್ತಿನ ಕಂತಿಗೂ ನಾನು ಬೆಲ್ಲ ಹಾಕಿಯೇ ದನಿ ಕೊಟ್ಟಿದ್ದೆ, ಆದರೆ ಹಾಳೆಯಲ್ಲಿದ್ದ ಮಾತು ಮರೆಯುವಂಥದ್ದಲ್ಲ. ನಾನು ಅವರೆಲ್ಲರ ಬೆನ್ನ ಹಿಂದೆ ನಿಂತು ಶುರು ಮಾಡಿದೆ. ಅತ್ತೆಯ ದನಿ, ಸೊಸೆಯ ದನಿ, ಒಂದೇ ಗಂಟಲಿನಲ್ಲಿ ಎರಡೂ. ಶಾಯೆಸ್ತೆ ಪೊಟ್ಟಣ ಬಿಚ್ಚಿದಳು. "ಬೇಸಿಗೆ ಮುಗಿಯೋದರೊಳಗೆ ಈ ಮನೇಲಿ ನಿನ್ನ ಗುರುತು ಉಳೀಬಾರದು." ಗೋಂಜಾ ಹಾಸಿಗೆಯಲ್ಲಿ ಒರಗಿ, "ಇವತ್ತು ಬೇಡ ಅತ್ತೆ, ಇದು ಕುಡಿದಾಗೆಲ್ಲ ತಲೆ ತಿರುಗುತ್ತೆ," ಎಂದಳು. ಶಾಯೆಸ್ತೆ ನಕ್ಕು ಬಟ್ಟಲನ್ನು ಅವಳ ತುಟಿಗೆ ಒತ್ತಿದಳು. "ಬೇಡ ಅನ್ನೋ ಮಾತು ನಿನ್ನ ಬಾಯಲ್ಲಿ ಬರಕೂಡದು."

ಸಾಲ್ಕಿನ್ ತನ್ನ ಬಾಯಿಗೆ ತಲೆವಸ್ತ್ರದ ತುದಿ ಒತ್ತಿಕೊಂಡಿದ್ದಳು. ಜಾಹೀರಾತು ಬಂದಾಗ, ಟೀವಿಯಿಂದ ಕಣ್ಣು ತೆಗೆಯದೆ ಮಾತಾಡಿದಳು.

"ನಾನು ಮೂರು ತಂತಿಯ ಕೋಮುಜ್ ಬಾರಿಸ್ತಿದ್ದೆ. ಕಣಿವೇಲಿ ಯಾರ ಮನೇಲಿ ಮದುವೆಯಾದ್ರೂ ನನ್ನನ್ನ ಕರೀತಿದ್ರು. ಮದುವೆಯಾಗಿ ಬಂದ ವರ್ಷ ನನ್ನ ಅತ್ತೆ ಅದನ್ನ ಬಟ್ಟೇಲಿ ಸುತ್ತಿ ಪೆಟ್ಟಿಗೇಲಿಟ್ಟು ಬೀಗ ಹಾಕಿದ್ರು. ಮಕ್ಕಳು ದೊಡ್ಡೋರಾಗ್ಲಿ ಮಗಳೇ, ಈಗ ಬೆರಳಿಗೆ ಆಯಾಸ ಅಂದ್ರು. ಒಂದು ದಿನಾನೂ ಬಿರುಮಾತು ಆಡ್ಲಿಲ್ಲ ಅವರು. ತೀರಿಕೊಂಡಾಗ ಎಲ್ಲರಿಗಿಂತ ಹೆಚ್ಚು ಗೋಳಾಡಿದೋಳು ನಾನೇ."

"ಆಮೇಲೆ?" ಎಂದಳು ಪೆರಿಜಾತ್.

"ಆಮೇಲೆ ಕೀಲಿ ನನ್ನ ಕೈಗೇ ಬಂತು."

"ತೆಗೆದ್ರಾ?"

"ಇಲ್ಲ." ಸಾಲ್ಕಿನ್ ತನ್ನ ಬೆರಳುಗಳನ್ನು ನೋಡಿಕೊಂಡಳು. "ನೋಯುತ್ತೇನೋ ಅಂತ."

ನನಗೆ ಅಳು ಬಂತು, ಅತ್ತುಬಿಟ್ಟೆ. ಈ ಹೆಂಗಸಿನಲ್ಲಿ ಶಾಯೆಸ್ತೆ ಇದ್ದಾಳೆಂದು ಹೆದರಿದ್ದೆ. ಅಲ್ಲಿ ಕೂತಿದ್ದವಳು ಗೋಂಜಾ, ವಯಸ್ಸಾದ ಗೋಂಜಾ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರೆ, ಇವಳಿಗೆ ಎರಡು ಕಾಲವೂ ಬಂದಿರಲಿಲ್ಲ.

ಅವಳು ಎರಡನೆಯ ಓಲೆಯನ್ನು ಪೆರಿಜಾತಳ ಕಿವಿಗೆ ಹಾಕಲಿಲ್ಲ. ಅಂಗೈಯಲ್ಲಿಟ್ಟು, ಬೆರಳು ಮಡಚಿದಳು. "ಇದು ನಿನ್ನ ಹತ್ರ ಇರಲಿ. ನಾನು ಹೋಗಿ ಆ ಪೆಟ್ಟಿಗೆ ತೆಗೀತೀನಿ. ಆಮೇಲೆ ಬರ್ತೀನಿ. ಆಗ್ಲೂ ನಿಂಗೆ ಮನಸ್ಸಿದ್ರೆ ನನ್ನ ಕೈಲಿ ಹಾಕಿಸ್ಕೋ." ಅಷ್ಟು ಹೇಳಿ ಹೊರಟಳು.

"ಒಂದು ಕಿವಿಗೆ ಓಲೆ ಬಿದ್ರೆ ಸಂಬಂಧ ಆಯ್ತು ಅಂತಲೋ ಆಗ್ಲಿಲ್ಲ ಅಂತಲೋ?" ಎಂದು ಶಾರಿಪಾ ಬಾಗಿಲಲ್ಲೇ ತಲೆ ಹಿಡಿದುಕೊಂಡಳು. "ನಮ್ಮ ವಂಶದಲ್ಲೇ ಹೀಗಾಗಿಲ್ಲ. ಬಿಟ್ಟಿದ್ರೆ ಎರಡೂ ಬೀಳ್ತಿತ್ತು. ನಿನ್ನ ಬಾಯಿಗಿಷ್ಟು ಬೆಂಕಿ ಹಾಕ."

ಸೋಮವಾರ ಸ್ಟುಡಿಯೋಗೆ ಹೋದೆ. "ಬಂದ್ರಾ ರಾಕ್ಷಸಿ ಎಜೆ?" ಎಂದ ಟೋಕ್ಟೋಸುನ್, ನನ್ನ ಮುಖ ನೋಡಿಯೇ ಅವನಿಗೆ ತಿಳಿದಿತ್ತು. ಇನ್ನೂ ಪ್ರಸಾರವಾಗದ ಕಂತುಗಳನ್ನೆಲ್ಲ ತೆಗೆಸಿ, ಹಾಳೆಯಲ್ಲಿ ಇದ್ದದ್ದು ಇದ್ದ ಹಾಗೆ ಮತ್ತೆ ದನಿ ಕೊಟ್ಟೆ. ಸಂತೆಯಲ್ಲಿ ಒಣಮೊಸರಿನವಳು ಮತ್ತೆ ಬಯ್ದಳು. ಬಯ್ಯಿಸಿಕೊಂಡು ಬಂದೆ. ಆದರೆ ಮನೆಯಲ್ಲಿ ನಿಂತಲ್ಲಿ ನಿಲ್ಲಲಾಗಲಿಲ್ಲ. ಪೆರಿಜಾತ್ ಬಲಗಿವಿಯ ಓಲೆ ಬಿಚ್ಚದೆ, ಇನ್ನೊಂದನ್ನು ಬಣ್ಣದ ಬಟ್ಟಲಿನ ಪಕ್ಕ ಇಟ್ಟುಕೊಂಡು ಟೋರ್ಗೋಯ್‌ಳನ್ನು ಬರೆಯುತ್ತಿದ್ದಳು. ಯಾಕ್‌ನ ಕೊಂಬು ಮತ್ತೆ ಮತ್ತೆ ತಪ್ಪಾಗಿ ಬರುತ್ತಿತ್ತು. ಎಲಾಮಾನ್ ಫೋನು ಮಾಡಿ, ಅಮ್ಮ ಊರಿಗೆ ಬಂದಾಗಿನಿಂದ ಯಾರ ಹತ್ತಿರವೂ ಮಾತಾಡಿಲ್ಲ, ಟೀವಿಯನ್ನೂ ಹಚ್ಚಿಲ್ಲ ಎಂದ. ಪೆರಿಜಾತ್ ಫೋನು ಇಟ್ಟು ಕೊಂಬನ್ನು ಅಳಿಸಿದಳು.

ವಾರದ ಕೊನೆಗೆ ನನ್ನ ಫೋನು ಹೊಡೆದುಕೊಂಡಿತು. ತೆಗೆದೆ. ಆ ಕಡೆ ಯಾರೋ ಉಸಿರು ಬಿಟ್ಟರು, ಆಮೇಲೆ ತಂತಿಯೊಂದನ್ನು ಮೀಟಿದರು. ಶ್ರುತಿ ಇರಲಿಲ್ಲ, ಮರದ ಡಬ್ಬ ಬಡಿದ ಹಾಗೆ ಕೇಳಿಸಿತು. ಇನ್ನೊಮ್ಮೆ ಮೀಟಿದರು. ನಾನು ಪೆರಿಜಾತಳಿಗೆ ಸನ್ನೆ ಮಾಡಿದೆ. ಅವಳು ಬ್ರಷ್ ಕೈಯಲ್ಲಿ ಹಿಡಿದುಕೊಂಡೇ ಓಡಿ ಬಂದು ಫೋನಿಗೆ ಕಿವಿ ಹಚ್ಚಿದಳು.

"ಬೀಗಿತ್ತಿ," ಎಂದಳು ಸಾಲ್ಕಿನ್. "ಒಂದು ತಂತಿ ಹೋಗಿದೆ, ಎರಡಿದೆ. ಭಾನುವಾರ ಬರ್ತೀನಿ, ಹುಡುಗಿಗೆ ಹೇಳಿ." ಆಮೇಲೆ ನಕ್ಕಳು. "ಬೆರಳು ನಿಜವಾಗ್ಲೂ ನೋಯುತ್ತೆ ಕಣ್ರೀ."